ಗೇಣು

ಕಾಗದದ ಮೇಲೆ ಯಾರಿಗೂ ಮನೆ ಕಾಣಲಿಲ್ಲ.
ಅದಕ್ಕೆ ಒಂದು ಶನಿವಾರ ಬೆಳಿಗ್ಗೆ
ಸುಣ್ಣದ ಪುಡಿಯ ಚೀಲ ಹೊತ್ತು ಹೋದೆ
ಮೊಂತೆವಿದೆಯೊದ ಗುಡ್ಡದ ಹಿಂದೆ,
ಮುಚ್ಚಿಹೋದ ಮಾಂಸದ ಕಾರ್ಖಾನೆಯ ಪಕ್ಕ
ನಮಗೆ ಸಿಕ್ಕ ಮುಳ್ಳುಗಂಟಿಯ ಜಾಗಕ್ಕೆ.
ನೆಲದ ಮೇಲೆ ಎಳೆದೆ, ಇದ್ದಷ್ಟೇ ಅಳತೆಗೆ:
ಇದು ಬಾಗಿಲು. ಇದು ಒಲೆ. ಇಲ್ಲಿ ಮಲಗುವುದು.
ಬನ್ನಿ, ಒಳಗೆ ಬನ್ನಿ ಅಂದೆ.
ಇಪ್ಪತ್ನಾಲ್ಕು ಮನೆಯವರು
ಇಲ್ಲದ ಗೋಡೆಯನ್ನು ತುಳಿಯದೆ
ಬಾಗಿಲಲ್ಲೇ ಸಾಲುಗಟ್ಟಿ ಬಂದರು.
ನಾಯಿ ಮಾತ್ರ ಗೋಡೆ ಹಾದು ಬಂತು.

ನಿಲ್ದಾ, ಆಸ್ಪತ್ರೆಯ ಬಟ್ಟೆ ಒಗೆಯುವವಳು,
ಇಲ್ಲದ ಬಾಣಲೆಯನ್ನು ಇಲ್ಲದ ಒಲೆಯಿಂದ ಎತ್ತಿ
ತಿರುಗಿದಳು.
"ಮೊಣಕೈ ತಾಗುತ್ತೆ, ಆರ್ಕಿಟೆಕ್ಟಮ್ಮ."
ಎಷ್ಟು ಬೇಕು?
ಬೆರಳು ಬಿಡಿಸಿ ತೋರಿಸಿದಳು,
ಹೆಬ್ಬೆರಳಿಂದ ಕಿರುಬೆರಳಿಗೆ.

ಗೇಣು ಎಲ್ಲಿಂದ ತರಲಿ?
ಐವತ್ತಾರು ಚದರ ಮೀಟರು, ಚೂರೂ ಹೆಚ್ಚಿಲ್ಲ.
ಸಾಲ ಕೊಡುವ ಕಚೇರಿಯ ಗುಮಾಸ್ತ
ಟೇಪು ಹಿಡಿದೇ ಹುಟ್ಟಿದವನು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು
ಹಾಸಿಗೆ ಹೊಲಿದವರು ಯಾರೆಂದು ಕೇಳುವುದಿಲ್ಲ.

ಒಳ ಓಣಿಯಿಂದ ಕತ್ತರಿಸಿ ಕೊಟ್ಟೆ. ಯಾರೂ ಗೊಣಗಲಿಲ್ಲ.
ಗೊಣಗಿದ್ದು ನಾನು ಇನ್ನೊಂದು ಗೇಣು ಕೇಳಿದಾಗ:
ಪ್ರತಿ ಮನೆಯ ಎಂಟು ಮೀಟರ್ ಉದ್ದಕ್ಕೂ
ಒಂದೇ ಒಂದು ಗೇಣು ಬಿಟ್ಟುಕೊಡಿ,
ಇಪ್ಪತ್ನಾಲ್ಕು ಸಲ ಕೂಡಿದರೆ
ನಲವತ್ನಾಲ್ಕು ಚದರ ಮೀಟರಿನ ಒಂದು ಕೋಣೆ,
ಎಲ್ಲರದ್ದೂ.
ಇಪ್ಪತ್ನಾಲ್ಕರ ಬದಲು ಐದೇ ವಾಷಿಂಗ್ ಮೆಷಿನ್.
ಒಂದು ಉದ್ದನೆ ಮೇಜು.
ಅದರ ಬೆನ್ನಿಗೆ, ಸೂರಿನ ನೀರಿಗೊಂದು ತೊಟ್ಟಿ.
"ನನ್ನ ಚಡ್ಡಿ ಊರಿಗೆಲ್ಲ ಕಾಣಬೇಕಾ?"
ಎಂದ ಅಬಯುಬಾ, ಬಸ್ಸಿನಲ್ಲಿ ಟಿಕೆಟ್ ಹರಿಯುವವನು.
ನಗು ನಿಲ್ಲಲು ಹತ್ತು ನಿಮಿಷ ಬೇಕಾಯಿತು.
ವೋಟು: ಹದಿಮೂರು, ಹನ್ನೊಂದು.
ಸೋತ ಹನ್ನೊಂದು ಜನ ಎರಡು ವಾರ
ಕಷಾಯದ ಸೋರೆಬುರುಡೆಯನ್ನು
ನನ್ನ ಕಡೆಗೆ ದಾಟಿಸಲೇ ಇಲ್ಲ.

ವಾರಕ್ಕೆ ಇಪ್ಪತ್ತೊಂದು ಗಂಟೆ, ಪ್ರತಿ ಮನೆಯ ಲೆಕ್ಕಕ್ಕೆ.
ಯಾವ ಮನೆ ಯಾರದ್ದೆಂದು ಯಾರಿಗೂ ತಿಳಿಯದು;
ಮುಗಿದ ಮೇಲೆ ಚೀಟಿ.
ಅದಕ್ಕೇ ತೂಗುಗುಂಡು ಬಿಟ್ಟು, ಒಂದು ಕಣ್ಣು ಮುಚ್ಚಿ,
ತಮ್ಮದೇ ಎಂಬಂತೆ ನೋಡಿದರು ಪ್ರತಿ ಗೋಡೆಯನ್ನು,
ಬೇರೆಯವರದ್ದೆಂಬಂತೆ ಇನ್ನೊಮ್ಮೆ ನೋಡಿದರು.
ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ನಡೆಯುತ್ತಾನೆ.
ಕಿಟಕಿಗಳೆಲ್ಲ ಅತ್ತ ಮುಖ;
ಜುಲೈ ಚಳಿಗೆ ಸೌದೆಗಿಂತ
ಬಿಸಿಲು ಅಗ್ಗ.
ಜಾಗದ ನಡುವೆ ಒಂದು ಅಂಜೂರದ ಮರವಿತ್ತು.
ಅದಕ್ಕೆ ವೋಟಿರಲಿಲ್ಲ. ಒಂಬತ್ತನೇ ಮನೆ
ತಾನಾಗಿ ಮೂರು ಹೆಜ್ಜೆ ಸರಿದು ನಿಂತಿತು.
(ಸರಿಸಿದ್ದು ನಾನು. ಯಾರಿಗೂ ಹೇಳಿಲ್ಲ.)

ಹದಿನಾಲ್ಕನೇ ಮನೆಯ ಅಡುಗೆಗೋಡೆ ಮಾತ್ರ
ಅಬಯುಬಾ ರಾತ್ರಿ ಪಾಳಿ ಮುಗಿಸಿ ಬಂದ ದಿನ ಕಟ್ಟಿದ್ದು.
ಇಟ್ಟಿಗೆಯ ಏಳನೇ ವರಸೆ ಒಂದು ಬೆರಳು ಬಾಗಿದೆ.
ಬೀಳುವುದಿಲ್ಲ, ಲೆಕ್ಕ ಹಾಕಿದ್ದೇನೆ;
ಕಾಣುತ್ತದೆ, ಅಷ್ಟೆ.
ಮೂರು ವರ್ಷ ಕಳೆದು, ಅವನದೇ ಟೋಪಿಯಲ್ಲಿ ಚೀಟಿ.
ಕಣ್ಣುಮುಚ್ಚಿ ಎತ್ತಿದ: ಮೂರು.
ಅವನು ಬಿಟ್ಟ ಉಸಿರು
ಆ ನಲವತ್ನಾಲ್ಕು ಚದರ ಮೀಟರಿಗೂ ಕೇಳಿಸಿತು.

ಹದಿನಾಲ್ಕು ಬಂದದ್ದು ನಿಲ್ದಾಗೆ.

"ಒಡೆದು ಕಟ್ಟಿಕೊಡ್ತೀನಿ" ಎಂದ, ಕಿವಿಯೆಲ್ಲ ಕೆಂಪು.
ಅವಳು ಉತ್ತರ ಕೊಡದೆ ಒಲೆಯ ಮುಂದೆ ನಿಂತಳು,
ಬಾಣಲೆ ಎತ್ತಿದಳು, ತಿರುಗಿದಳು.
ತಾಗಲಿಲ್ಲ.
"ಇರಲಿ ಬಿಡು. ಹಲಗೆ ಹೊಡೆಯೋಕೆ ಬಾ.
ಮೊಳೆ ನೀನೇ ತಾ."

ಆ ಹಲಗೆಯ ಎಡಗಡೆಗೆ ಈಗಲೂ
ಮಡಿಸಿಟ್ಟ ಹಳೆ ಬಸ್ ಟಿಕೆಟ್ಟುಗಳ ಆಸರೆ.
ಪ್ರತಿ ಚಳಿಗಾಲಕ್ಕೆ ಒಂದು ಹೆಚ್ಚು ಬೇಕಂತೆ.
ಹೊರಗೆ, ಅಂಜೂರದಿಂದ ತೊಟ್ಟಿಯವರೆಗೆ ಎಳೆದ ತಂತಿಯಲ್ಲಿ,
ಊರಿಗೆಲ್ಲ ಕಾಣುವಂತೆ
ಒಂದು ನೀಲಿ ಚಡ್ಡಿ.