ಸೋಮವಾರದ ಗಿರಾಕಿ

ಕುಂಬಳೆ ಪೇಟೆಯಲ್ಲಿ ನನ್ನದು ಎರಡೇ ಕುರ್ಚಿ.
ಹಿಂದಿನ ಎಸ್ಸೈಗಳು ಒಳಗೆ ಬಂದರೆ
ಅರ್ಧ ಬೋಳಿಸಿದ ಮುಖವೊಂದು ಎದ್ದು ನಿಲ್ಲುತ್ತಿತ್ತು,
ನೊರೆ ಸಮೇತ.
ಸಾಬೂನು ನನ್ನದು, ಬ್ಲೇಡು ನನ್ನದು,
ನಗುವೂ ನಾನೇ ನಗಬೇಕು.

ಈ ಭಾರ್ಗವನ್ ಬೆಂಚಿನಲ್ಲೇ ಕೂತರು,
ಮೀನಿನ ಬುಟ್ಟಿ ಇಳಿಸಿ ಬಂದ ಅದ್ರಾಮನ ನಂತರ,
ಹಳೆ ಪೇಪರಿನ ಕನ್ನಡ ಅಕ್ಷರ
ಒಂದೊಂದೇ ಕೂಡಿಸಿ ಓದುತ್ತಾ.
"ನಿಮ್ಮತ್ರ ಎಂತ ದುಡ್ಡು ಸಾರ್" ಅಂದೆ.
"ನನ್ನದೆಂತ ಬೇರೆ ಗಡ್ಡವಾ?"
ಐವತ್ತು ಕೊಟ್ಟು, ಹತ್ತು ಚಿಲ್ಲರೆಗೆ
ಕೈ ಚಾಚಿ ನಿಂತೇ ಇದ್ದರು.
ಸತ್ಯ ಹೇಳುವುದಾದರೆ ನನಗೆ ಸಿಟ್ಟು ಬಂತು.
ಕೊಡುವವನಿಗೂ ಒಂದು ಮರ್ಯಾದೆ ಉಂಟಲ್ಲ?

ಶಿರಿಯ ಹೊಳೆಯ ಹೊಯ್ಗೆ ಹೇರಿದ ಟಿಪ್ಪರು
ಶನಿವಾರ ರಾತ್ರಿ ಸ್ಟೇಷನ್ನಿನ ಅಂಗಳ ಸೇರಿತು.
ಭಾವ ಸಂಕಪ್ಪನದ್ದು.
ಅಕ್ಕ ಫೋನಿನಲ್ಲಿ ಅತ್ತಳು:
"ನಿನ್ನ ಗಿರಾಕಿಯೇ ಅಲ್ವಾ, ಒಂದು ಮಾತು ಹೇಳು."

ಸೋಮವಾರ. ಬೆಂಚು. ಸರದಿ.
ಕುರ್ಚಿಗೊರಗಿ ಕುತ್ತಿಗೆ ಮೇಲೆತ್ತಿ
ಕಣ್ಣು ಮುಚ್ಚಿದರು, ನಿದ್ದೆಯೇ ಹಿಡಿಯಿತೋ ಏನೋ.
ನಾಲಿಗೆ ತುದಿಯಲ್ಲಿದ್ದ ಮಾತು
ಬೆರಳಿಗೆ ಇಳಿಯಿತು.
ಗಂಟಲಮಣಿಯ ಕೆಳಗೆ
ಅಕ್ಕಿಕಾಳಿನಷ್ಟು ಕೆಂಪು.

ಪಟಿಕ ಒತ್ತಿದೆ.
"ಇವತ್ತು ಬೇಡ ಸಾರ್, ತಪ್ಪು ನನ್ನದು."
ಕನ್ನಡಿಯೊಳಗೆ ನನ್ನನ್ನೇ ನೋಡಿದರು,
ಭಾವನ ಹೆಸರು ಗೊತ್ತಿರುವವರ ಹಾಗೆ.
ಮತ್ತೆ ಐವತ್ತರ ನೋಟು.
ಚಿಲ್ಲರೆಗೆ ಚಾಚಿದ ಕೈ.

ತುಂಬಿದ ಗಲ್ಲಾಪೆಟ್ಟಿಗೆಯಲ್ಲಿ
ಒಂದು ಹತ್ತು ರೂಪಾಯಿ ಹುಡುಕಲು
ಆ ದಿನ ನನಗೆ ತುಂಬಾ ಹೊತ್ತು ಹಿಡಿಯಿತು.