ಮೂರನೇ ಗೇರು

ಬೆಡ್‌ಫರ್ಡ್ ಲಾರಿ, ಹುಟ್ಟಿದಾಗ ಪೆಟ್ರೋಲಿನದು.
ಒಂದು ಸುಗ್ಗಿಯಲ್ಲಿ ಅದು ಕುಡಿದದ್ದನ್ನು ಕಂಡು
ಅಪ್ಪ ಗುತ್ತಲು ರಸ್ತೆಯ ಬುಡೇನ್ ಸಾಬರ ಶೆಡ್ಡಿಗೆ ತಂದು ನಿಲ್ಲಿಸಿ
"ಇದರ ಎದೆ ಕಿತ್ತು ಬೇರೆ ಹಾಕಿ" ಅಂದನಂತೆ.

ಪರ್ಕಿನ್ಸ್ ಬಂತು ಮದರಾಸಿನಿಂದ, ಆರು ಸಿಲಿಂಡರು,
ಗೋಣಿತಾಟು ಹೊದ್ದು, ಒಣಹುಲ್ಲಿನಲ್ಲಿ ಮಲಗಿ.
ಗೇರ್‌ಬಾಕ್ಸು ಹಳೆಯದೇ ಇರಲಿ, ಕಾಸಿಲ್ಲ.
ಇದರ ಬೋಲ್ಟು ಪೂರ್ವಕ್ಕೆ, ಅದರ ತೂತು ಪಶ್ಚಿಮಕ್ಕೆ.
ಸಾಬರು ಗುಜರಿಯಿಂದ ಹಳೇ ಬಾಯ್ಲರಿನ ತುಂಡು ತಂದು
ಮೂರು ಹಗಲು ಅರ ಹಾಕಿ ನಡುವೆ ಕೂರಲೊಂದು ತಟ್ಟೆ ಮಾಡಿದರು.
ಶೆಡ್ಡಿನ ಹುಡುಗರು ಅದಕ್ಕೆ ಮದುವೆ ದಲ್ಲಾಳಿ ಅಂದರು.
ಸಾಬರು ನಗಲಿಲ್ಲ.
ಸ್ಕ್ರೂಡ್ರೈವರ್ ಹಲ್ಲಿಗೆ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಆನಿಸಿ
ಮೂಳೆಯಿಂದ ಕೇಳುತ್ತಿದ್ದರು.

ಹಲ್ಲಿಗೆ ಹಲ್ಲು ತಾನಾಗಿ ಕೂರದ ಪೆಟ್ಟಿಗೆ.
ಒತ್ತು. ನ್ಯೂಟ್ರಲ್ಲು. ಬಿಡು.
ಕಾಯಿ.
ಮತ್ತೆ ಒತ್ತು. ಈಗ ಹಾಕು.
ಆ ಕಾಯುವುದಿದೆಯಲ್ಲ, ಪೆಟ್ರೋಲಿಗೆ ಒಂದೆಣಿಸಿದರೆ ಸಾಕಿತ್ತು,
ಪರ್ಕಿನ್ಸಿನ ಭಾರದ ಚಕ್ರಕ್ಕೆ ಎರಡೂವರೆ.
ಆ ಅರೆ ಕಲಿಯಲು ಅಪ್ಪನಿಗೆ ಇನ್ನೊಂದು ಸುಗ್ಗಿ ಹಿಡಿಯಿತು.
ದಿಣ್ಣೆಯಲ್ಲಿ ಕರಕರ ಅಂದಾಗೆಲ್ಲ ಹಿಂದಿನ ಗಾಡಿಯವರು
"ಏನ್ ಹೈದೇಗೌಡ, ಕಬ್ಬ ಇಲ್ಲೇ ಅರೀತಾ ಇದ್ದೀಯಾ?"
ಬಾನೆಟ್ಟಿನ ಬಿಸಿಗೆ ಕಾಲು ಚಾಚಿ ಕೂತ ನಾನು, ಏಳು ವರ್ಷದವಳು,
ಜೋರಾಗಿ ಎಣಿಸುತ್ತಿದ್ದೆ. ಅರೆ ಹೇಗೆ ಎಣಿಸುವುದೆಂದು ತಿಳಿಯದೆ
"ಮೂ" ಅಂದು ನಿಲ್ಲಿಸುತ್ತಿದ್ದೆ.

ಲಾರಿಯ ಮೈ ತೂಕಕ್ಕೆ ಹೋಯಿತು.
ಎಂಜಿನ್ನು, ತಟ್ಟೆ, ಗೇರ್‌ಬಾಕ್ಸು ಬಿಡಿಸಲು ಬಾರದೆ
ಒಟ್ಟಿಗೇ ಬಂದವು ಕೀಲಾರದ ನಮ್ಮ ಆಲೆಮನೆಗೆ.
ಗಾಣಕ್ಕೆ ಬೇಕಾದದ್ದು ಒಂದೇ ಓಟ, ಮೂರನೆಯದು.
ಹನ್ನೊಂದು ವರ್ಷದಿಂದ ರಾಡು ಅಲ್ಲೇ, ಮುಂದಕ್ಕೆ ಚಾಚಿ.
ಕೊಪ್ಪರಿಗೆಯ ಮುಂದೆ ಬೇಯುವ ನಿಂಗಣ್ಣ
ಅದಕ್ಕೆ ಅಂಗಿ ನೇತುಹಾಕುತ್ತಾನೆ.

ಮೊನ್ನೆ ಕೂಳೆಕಬ್ಬಿನ ಗಂಟು ಸಿಕ್ಕಿ ಗಾಣ ತಿಣುಕಿ ನಿಂತಿತು.
ಬೆಲ್ಟು ಜಾರಿ ಸುಟ್ಟ ರಬ್ಬರಿನ ವಾಸನೆ.
"ಆಫ್ ಮಾಡವ್ವ!" ನಿಂಗಣ್ಣ ಕೂಗಿದ.
ಅಂಗಿ ತೆಗೆದು ಅವನ ಕೈಗಿಟ್ಟೆ.
ಕ್ಲಚ್ಚಿಗೆ ಕಟ್ಟಿದ ಜಾಲಿಕೋಲು ತುಳಿದು ಹಿಡಿದು
ರಾಡನ್ನು ನಡುವಿಗೆ ತಂದು, ಒಳಗೆ ತಿರುಗುತ್ತಿದ್ದ ಹಲ್ಲುಗಳು
ನಿಧಾನವಾಗಲೆಂದು ಎಣಿಸಿದೆ.
ಅಪ್ಪನ ಎರಡೂವರೆ ಇಲ್ಲಿಯದಲ್ಲ.
ಮೂರು. ನಾಲ್ಕು. ಅಂಗಾಲಿಗೆ ನಡುಕ ಇಳಿಯುವುದು ತಿಳಿಯುತ್ತಿತ್ತು.
ಆರಕ್ಕೆ ಎಳೆದೆ.
ಎರಡನೆಯದು ಸದ್ದಿಲ್ಲದೆ ಕೂತಿತು. ಗಾಣ ಗಂಟನ್ನು ನುಂಗಿತು.

ಹಾಗೇ ಬಿಟ್ಟಿದ್ದೇನೆ. ರಸ ನಿಧಾನ, ಕಬ್ಬು ಪೂರಾ ಹಿಂಡುತ್ತದೆ.
ರಾಡು ಈಗ ಹಿಂದಕ್ಕೆ ವಾಲಿದೆ,
ಅಂಗಿ ಜಾರಿ ಜಾರಿ ಬೀಳುತ್ತದೆ ಅಂತ
ನಿಂಗಣ್ಣನ ತಕರಾರು.