ಬಿಜಾಗ್ರಿ ಬಂದಿಲ್ಲ

ಯುಗಾದಿಗೆ ಮುಗಿಸಿ ಕೊಡ್ತೀನ್ರಿ ಅಂದಿದ್ದ ಹುಸೇನಸಾಬ ಗೌಂಡಿ.
ಯಾವ ಯುಗಾದಿ ಅಂತ ನಾವು ಕೇಳಲಿಲ್ಲ,
ಅದು ನಮ್ಮ ತಪ್ಪು.

ಮೊದಲು ಉಸುಕು ಬರಲಿಲ್ಲ,
ಭೀಮಾ ಹೊಳಿಗೆ ಟ್ರ್ಯಾಕ್ಟರ್ ಇಳಿಯಾಂಗಿಲ್ಲಂತ.
ಉಸುಕು ಬಂದಾಗ ಸಿಮಿಟಿಲ್ಲ.
ಸಿಮಿಟಿ ಬಂದಾಗ ಹುಸೇನಸಾಬ ಇಲ್ಲ,
ತಾಳಿಕೋಟಿಗೆ ತಂಗಿ ಮಗಳ ನಿಕಾಹಕ್ಕ ಹೋಗಿದ್ದ.
ಅವನು ಬರೂದ್ರಾಗ ಚೀಲದಾಗಿನ ಸಿಮಿಟಿ ಕಲ್ಲಾಗಿ
ಅದರ ಮ್ಯಾಲ ಕುಂತು ನಮ್ಮ ಅತ್ತಿ ಶೇಂಗಾ ಸುಲಿದಳು.

ಬಚ್ಚಲಿಗೆ ಬಾಗಿಲಿಲ್ಲ.
ಹಳೇದನ್ನ ಗೆದ್ದಲ ತಿಂದಿತ್ತು, ಒಲಿಗೆ ಹಾಕಿದೆವು.
ಅವಸರ ಆತು. ನೀರೇನೋ ಚಲೋ ಕಾದವು.
ಹೊಸದು ಬಡಿಗೇರ ಮೌನೇಶನ ಅಂಗಡ್ಯಾಗ, ಇನ್ನೂ ಹಲಗಿ ಆಗಿಲ್ಲ,
ತೇಗ ಬೆಳಗಾವಿಯಿಂದ ಬರಬೇಕಂತ.
ಫೋನಿನಾಗ ರಂದಾ ಹೊಡಿಯೂ ಸಪ್ಪಳ ಕೇಳಿಸ್ತಾನ,
ಬ್ಯಾರೆಯವರ ಬಾಗಿಲದ ಸಪ್ಪಳ.

ನಮ್ಮನಿಯವರು ಕಂಡಕ್ಟರ್.
ಇಂಡಿ, ಚಡಚಣ ರೂಟಿನಾಗ ಇಪ್ಪತ್ತು ವರ್ಷ
"ಹಿಂದ ಇನ್ನೊಂದು ಬರ್ತೈತಿ" ಅಂತ ಹೇಳಿ ಹೇಳಿ
ಅವರಿಗೇ ಅದರಾಗ ನಂಬಿಕಿ ಬಂದೈತಿ.

ಹಂಗಾಗಿ ಚೌಕಟ್ಟಿಗೆ ಸೀರಿ ಕಟ್ಟಿದೆವು.
ಮನ್ಯಾಗ ಉಡಾಕ ಬರದ ಸೀರಿ ಒಂದ ಇತ್ತು:
ದಾಕ್ಷಾಯಣಿಯ ಇಳಕಲ್ಲ ಸೀರಿ, ಗಿಳಿಹಸರು,
ನಡುವ ಇಸ್ತ್ರಿ ಆಕಾರದ ತೂತು.
ಸುಟ್ಟದ್ದು ನಾನು ಅಂತಾಳ ಆಕಿ.
ಕರೆಂಟ್ ಹೋಗಿತ್ತು, ನಾನು ಹೊರಗ ಹೋದೆ, ಕರೆಂಟ್ ಬಂತು.
ನಾನೇನೂ ಅನ್ನಾಂಗಿಲ್ಲ.
ದೀಪಾವಳಿಯಿಂದ ನೆಗೆಣ್ಣ್ಯಾರು ಇಬ್ಬರ ನಡುವ ಮಾತಿಲ್ಲ.
ಉಪ್ಪು ಬೇಕಾದರ ಅತ್ತಿಗೆ ಹೇಳೂದು,
ಅತ್ತಿ ಆಕಿಗೆ ಹೇಳೂದು,
ಮೂವರೂ ಒಂದ ಅಡಗಿಮನ್ಯಾಗ ನಿಂತು.

ತೂತು ಸರಿಯಾಗಿ ಅಂಗಳದ ಕಡೆ.
ತಿರುವಿ ಕಟ್ಟಿದರ ಮತ್ತ ಅಲ್ಲೇ, ಮಡಚಿದರ ಗಿಡ್ಡ.
ಗಂಡಸರಿಗೆ ಒಂದು ಕೆಮ್ಮು ಸಾಕು.
ನಮಗ, ಒಳಗ ಒಬ್ಬಾಕಿ ಇದ್ದರ ಹೊರಗ ಒಬ್ಬಾಕಿ.

ಮೊದಲ ದಿನ ಆಕಿ ಬೆನ್ನು ತಿರುವಿ ನಿಂತಳು.
ಮುಗೀತು ಅನ್ನೂದಕ್ಕ ನಾನು ತಂಬಿಗಿ ಬಡಿದೆ.
ಮೂರನೇ ದಿನ ಸೋಪು ಜಾರಿ
ಸೀರಿ ಕೆಳಗಿಂದ ಹೊರಗ ಹೋತು.
ಒಂದು ಕೈ ಬಂತು, ನಾಕು ಹಸರು ಬಳಿ,
ಸೋಪು ಇಟ್ಟು "ಬಿಸಿ ನೀರು ಸಾಕಾ?" ಅಂತು.
ಕೈ ಕೇಳಿತಲ್ಲ, ಕೈಗೇ ಹೇಳಿದೆ:
"ಇನ್ನೊಂದು ಕೊಡಾ."

ಆಮ್ಯಾಲ ತಮ್ಮಗ ಸಿಂದಗ್ಯಾಗ ಹೆಣ್ಣು ನೋಡಿದ್ದು ಹೇಳಿದಳು,
ಥೈರಾಯ್ಡ್ ಗುಳಗಿ ನುಂಗತೀನಿ, ಮನ್ಯಾಗ ಗೊತ್ತಿಲ್ಲ ಅಂದಳು.
ಮೈತುಂಬ ಸೋಪು ಹಚ್ಚಿಕೊಂಡವರಿಗೆ ಗುಟ್ಟು ಹೇಳೂದು ಹಗುರ,
ಓಡಿ ಹೋಗಿ ಯಾರಿಗೂ ಹೇಳಾಂಗಿಲ್ಲ.
ಒಂದಿನ ನಾನೂ ತೂತಿಗೆ ಬಾಯಿ ಹಚ್ಚಿ ಅಂದೆ,
"ಸೀರಿ ನಾನ ಸುಟ್ಟೆ."
"ಗೊತ್ತೈತಿ. ಲಗೂನ ಮುಗಿಸು, ಹಾಲು ಉಕ್ಕತೈತಿ."

ಗೋಳಗುಮ್ಮಟದಾಗ ಪಿಸುಗುಟ್ಟಿದರ ಆಚೆ ದಂಡಿಗೆ ಕೇಳತೈತಿ.
ನಮಗ ಒಂದು ಪದರ ಸೀರಿ ದಾಟೂದಕ್ಕ
ಏಳು ತಿಂಗಳು ಹಿಡೀತು.

ಮಿರಗದ ಮಳಿಗೆ ಬಾಗಿಲು ಬಂತು.
ಮೌನೇಶ ಟಂಟಂದಾಗ ಮಲಗಿಸಿಕೊಂಡು ತಂದ.
ಬೆರಳಗಲ ಹೆಚ್ಚಿತ್ತು, ಕೆತ್ತಿದ, ಕುಂತಿತು.
"ಬಿಜಾಗ್ರಿ ಕೊಡ್ರಿ" ಅಂದ.
ಓಸವಾಲ ಶೇಠನ ಅಂಗಡಿಯಿಂದ ತಂದ ಹಿತ್ತಾಳಿವು, ಮೂರು,
ಪೇಪರಿನಾಗ ಸುತ್ತಿ ಮಾಡದಾಗ ಇಟ್ಟಿದ್ದೆ.
ಮಾಡ ಖಾಲಿ.
"ಇಲಿ ಒಯ್ದಿರಬೇಕು" ಅಂದಳು ದಾಕ್ಷಾಯಣಿ, ನೆಲ ನೋಡಿ.
ಹಿತ್ತಾಳಿ ಒಯ್ಯೂ ಇಲಿ ಬಿಜಾಪುರದಾಗೂ ಇಲ್ಲ.
ಮೌನೇಶ ಚಾ ಕುಡದು ಹೋದ.
ಬಾಗಿಲು ಗ್ವಾಡಿಗೆ ಆನಿಕೊಂಡು ನಿಂತೈತಿ,
ಬಸ್ ತಪ್ಪಿಸಿಕೊಂಡವರಂಗ.

ನಿನ್ನೆ ಸಂಜಿಗೆ ರೊಟ್ಟಿಗೆಂತ ಹಿಟ್ಟಿನ ಡಬ್ಬಿಗೆ ಕೈ ಹಾಕಿದೆ.
ತಳದಾಗ ತಣ್ಣಗ ಏನೋ ಹತ್ತಿತು.
ತಗದು ಸೆರಗಿಲೆ ಒರಸಿ ಎಣಿಸಿದೆ.
ಮತ್ತ ಅಲ್ಲೇ ಇಟ್ಟು
ಮ್ಯಾಲ ಎರಡು ಸೇರು ಹಿಟ್ಟು ಸುರಿದೆ.

ರಾತ್ರಿ ಡ್ಯೂಟಿ ಮುಗಿಸಿ ಬಂದವರು ಕೇಳಿದರು,
ಬಿಜಾಗ್ರಿ ಸಿಕ್ಕವೇನು?
ಹಿಂದ ಬರ್ತಾವ, ಅಂದೆ.
ನೀವ ಹೇಳ್ತೀರಲ್ಲ.